ರಾಗಿ ನಂಬಿ ಊರಿಗೆ ಬರಬಹುದಾ?

ತುಮಕೂರು ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು: "ನಿಮ್ಮ ಪತ್ರಿಕೆಯಲ್ಲಿ ರಾಗಿ, ಸಿರಿಧಾನ್ಯ ಅಂತ ಲೇಖನ ಬರುತ್ತಲೇ ಇರುತ್ತವೆ. ಬೆಂಗಳೂರಲ್ಲಿ ಕೂತು ಬರೆಯೋದು ಸುಲಭ. ನಮಗೆ ಮೂರು ಎಕರೆ ಖುಷ್ಕಿ ಇದೆ, ಮಳೆ ನಂಬಿದ ಜಮೀನು. ಅಪ್ಪ ಈಗಲೂ ರಾಗಿ ಬಿತ್ತುತ್ತಾರೆ. ಪಕ್ಕದ ಹೊಲದವರು ಬೋರ್ ಕೊರೆಸಿ ಅಡಿಕೆ ಇಟ್ಟಿದ್ದಾರೆ. ನೋಡಿ ನೋಡಿ ಅಪ್ಪನೂ ಬೋರ್ ಕೊರೆಸೋಣ ಅನ್ನುತ್ತಿದ್ದಾರೆ. ನಾನು ಪೀಣ್ಯದಲ್ಲಿ ಕೆಲಸದಲ್ಲಿದ್ದೇನೆ, ಊರಿಗೆ ವಾಪಸ್ ಬರುವ ಆಸೆ. ರಾಗಿ ಬೆಳೆದು ಬದುಕೋಕಾಗುತ್ತಾ? ಲೆಕ್ಕ ಹಾಕಿ ಹೇಳಿ. ಊರಲ್ಲಿರುವ ಹುಡುಗರಿಗೆ ಹೆಣ್ಣು ಬೇರೆ ಕೊಡುತ್ತಿಲ್ಲ."

ಲೆಕ್ಕ ಕೇಳಿದ್ದೀರಿ, ಮೊದಲು ಅದನ್ನೇ ಮುಗಿಸೋಣ.

2025-26ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. ಬೆಳೆಯುವ ಖರ್ಚಿನ ಮೇಲೆ ಕನಿಷ್ಠ ಅರ್ಧದಷ್ಟು ಸೇರಿಸಿ ಈ ಬೆಲೆ ಕಟ್ಟುತ್ತೇವೆ ಅಂತ ಕೇಂದ್ರ ಸರ್ಕಾರ 2018ರಿಂದ ಹೇಳುತ್ತಿದೆ. ಹಾಗಾದರೆ ಅವರದೇ ಲೆಕ್ಕದಲ್ಲಿ ಒಂದು ಕ್ವಿಂಟಲ್‌ಗೆ ಖರ್ಚು ಸುಮಾರು 3,257. ಮನೆಯವರ ದುಡಿಮೆಯ ಕೂಲಿಯೂ ಅದರಲ್ಲೇ ಸೇರಿದೆ. ಉಳಿಯುವುದು 1,629 ರೂಪಾಯಿ. ಮಳೆ ಕೈಕೊಡದ ವರ್ಷ ಎಕರೆಗೆ 8 ಕ್ವಿಂಟಲ್ ಅಂತ ಇಟ್ಟುಕೊಳ್ಳಿ. ಮೂರು ಎಕರೆಗೆ 24 ಕ್ವಿಂಟಲ್. ವರ್ಷಕ್ಕೆ ಉಳಿಯುವುದು 39,096. ತಿಂಗಳಿಗೆ ಹಂಚಿದರೆ 3,258 ರೂಪಾಯಿ.

ಗೃಹಲಕ್ಷ್ಮಿ ದುಡ್ಡು ತಿಂಗಳಿಗೆ 2,000. ಮೂರು ಎಕರೆ ರಾಗಿ ಅದಕ್ಕಿಂತ ಸಾವಿರ ಚಿಲ್ಲರೆ ಜಾಸ್ತಿ ಕೊಡುತ್ತದೆ, ಅಷ್ಟೇ. ಅದೂ ಮಳೆ ಬಂದರೆ, ರಾಗಿ ಪೂರ್ತಿ ಬೆಂಬಲ ಬೆಲೆಗೇ ಹೋದರೆ. ಹಾಗಾಗಿ ಬರೀ ರಾಗಿ ಮಾರಿ ಸಂಸಾರ ನಡೆಸುತ್ತೇನೆ ಅಂತ ಪೀಣ್ಯದ ಕೆಲಸ ಬಿಡಬೇಡಿ.

ಇನ್ನು ಪಕ್ಕದ ಹೊಲ. ಅಡಿಕೆ ಕ್ವಿಂಟಲ್‌ಗೆ 50,000ದ ಆಸುಪಾಸಿನಲ್ಲಿದ್ದರೆ, ಎಕರೆಗೆ ಆರು ಕ್ವಿಂಟಲ್ ಬಂದರೂ ಮೂರು ಲಕ್ಷ. ಅದರ ಮುಂದೆ ರಾಗಿ ನಿಲ್ಲಲ್ಲ. ನಿಮ್ಮ ಅಪ್ಪನಿಗೆ ಬೋರಿನ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯ ಏನಿದೆ? "ರೈತರು ದುರಾಸೆಗೆ ಬಿದ್ದು ರಾಗಿ ಬಿಟ್ಟರು" ಅಂತ ಭಾಷಣ ಮಾಡುವವರನ್ನು ಕಂಡರೆ ನನಗೆ ರೇಗುತ್ತದೆ.

ಆದರೆ ನೀರಿನ ಲೆಕ್ಕವನ್ನೂ ಹಾಕಿ. ಒಂಬತ್ತು ಅಡಿಗೊಂದು ಗಿಡ ಅಂದರೆ ಎಕರೆಗೆ 500ಕ್ಕೂ ಜಾಸ್ತಿ ಗಿಡ. ಡ್ರಿಪ್‌ನಲ್ಲಿ ಕೊಟ್ಟರೂ ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 16ರಿಂದ 20 ಲೀಟರ್ ಬೇಕು. ದಿನಕ್ಕೆ 8,000 ಲೀಟರ್ ದಾಟಿತು, ಒಂದೇ ಎಕರೆಗೆ. ಫಸಲು ಕಾಣಲು ಐದಾರು ವರ್ಷ. ಅಷ್ಟೂ ವರ್ಷ, ಆಮೇಲೂ, ಒಂದು ಬೇಸಿಗೆಯೂ ಬೋರ್ ನಿಲ್ಲಬಾರದು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಅದರ ಮುಂದಿನ ಬೇಸಿಗೆ ದಾವಣಗೆರೆ, ಚಿತ್ರದುರ್ಗದ ಕಡೆ ಟ್ಯಾಂಕರ್ ನೀರು ಹೊಯ್ದು ತೋಟ ಉಳಿಸಿಕೊಂಡರಲ್ಲ, ಪತ್ರಿಕೆಗಳಲ್ಲಿ ನೋಡಿರುತ್ತೀರಿ. ರಾಗಿ ಒಂದು ವರ್ಷ ಹೋದರೆ ಆ ವರ್ಷದ ಬೆಳೆ ಹೋಯಿತು. ಅಡಿಕೆ ಒಣಗಿದರೆ ಹತ್ತು ವರ್ಷದ ದುಡಿಮೆಯೂ ಹೋಯಿತು, ಸಾಲ ಮಾತ್ರ ಉಳಿಯಿತು. ಇದರ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬೆಳೆಗಾರರು ಒಪ್ಪುವುದಿಲ್ಲ, ಆ ಜಗಳ ಇಲ್ಲಿ ಬೇಡ. ಆದರೆ ಮಾರುಕಟ್ಟೆಯ ತಲೆಯ ಮೇಲೆ ಆ ಕತ್ತಿ ತೂಗುತ್ತಲೇ ಇರುತ್ತದೆ.

ನನ್ನ ಸಿಟ್ಟು ಅಡಿಕೆಯ ಮೇಲಲ್ಲ, ಸರ್ಕಾರದ ದುಡ್ಡು ಹರಿಯುವ ದಿಕ್ಕಿನ ಮೇಲೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ನಮ್ಮ ರಾಜ್ಯದಲ್ಲಿ ಕರೆಂಟು ಪುಕ್ಕಟೆ. ಅದರ ಬಿಲ್ಲು ವರ್ಷಕ್ಕೆ ಸಾವಿರಾರು ಕೋಟಿ, ಕಟ್ಟುವುದು ಸರ್ಕಾರ. ಬೋರ್ ಇದ್ದವನಿಗೆ ಈ ಸಹಾಯ ಪ್ರತಿದಿನ ಸಿಗುತ್ತದೆ. ನಿಮ್ಮ ಅಪ್ಪ ನೆಲದಡಿಯ ಒಂದು ಹನಿ ನೀರೂ ಎತ್ತಿಲ್ಲ, ಒಂದು ಯೂನಿಟ್ ಕರೆಂಟೂ ಸುಟ್ಟಿಲ್ಲ. ಅದಕ್ಕೆ ಅವರಿಗೆ ಸಿಕ್ಕಿದ್ದೇನು? ನವಣೆ, ಸಾಮೆ, ಹಾರಕದಂಥ ಕಿರುಧಾನ್ಯಕ್ಕೆ ರೈತ ಸಿರಿ ಅಂತ ಹೆಕ್ಟೇರಿಗೆ 10,000 ರೂಪಾಯಿಯ ಯೋಜನೆ ಮಾಡಿದರು, ಒಳ್ಳೆಯದೇ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳೆಯುವ ರಾಜ್ಯದಲ್ಲಿ, ಅಂತರ್ಜಲ ಮುಟ್ಟದೆ ರಾಗಿ ಬೆಳೆದವನಿಗೂ ಎಕರೆಗೆ ಇಷ್ಟು ಅಂತ ಯಾಕೆ ಕೊಡಬಾರದು? ಪುಕ್ಕಟೆ ಕರೆಂಟು ಕಿತ್ತುಕೊಳ್ಳಿ ಅಂತಲ್ಲ. ಅದನ್ನು ಬಳಸದವನಿಗೆ ಅವನ ಪಾಲು ಕೊಡಿ ಅಂತ. ನೀರು ಉಳಿಸುವ ಖರ್ಚನ್ನೆಲ್ಲ ಖುಷ್ಕಿ ರೈತನೊಬ್ಬನ ತಲೆಗೆ ಕಟ್ಟಿ, 2023ರಲ್ಲಿ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮೇಳ ಮಾಡಿ ರಾಗಿ ಬಿಸ್ಕತ್ತು ಹಂಚಿದರೆ ಏನು ಬಂತು?

ಖರೀದಿಯ ಕಥೆಯೂ ಇದೇ. ಬೆಲೆ 2013-14ರಲ್ಲಿ 1,500 ಇತ್ತು, ಈಗ ಮೂರು ಪಟ್ಟು ದಾಟಿದೆ, ಸುಳ್ಳಲ್ಲ. ಆದರೆ ಬೆಳೆ ಚೆನ್ನಾಗಿ ಬಂದ ವರ್ಷವೇ ಕೊಳ್ಳುವ ಸರ್ಕಾರದ ಕೈ ಹಿಂದೆ ಸರಿಯುತ್ತದೆ. 2021-22ರಲ್ಲಿ ಸಣ್ಣ ರೈತರಿಂದ ಮಾತ್ರ, ಒಬ್ಬರಿಂದ 20 ಕ್ವಿಂಟಲ್ ಮಾತ್ರ ಅಂತ ಮಿತಿ ಹಾಕಿದರು. ಗಲಾಟೆ ಆದ ಮೇಲೆ ಖರೀದಿ ಪ್ರಮಾಣ ಹೆಚ್ಚಿಸಿದರು. ಇತ್ತ 2024ರಲ್ಲಿ ಶಾಲೆ ಮಕ್ಕಳಿಗೆ ವಾರಕ್ಕೆ ಮೂರು ದಿನ ಹಾಲಿನ ಜೊತೆ ರಾಗಿ ಮಾಲ್ಟ್ ಶುರುವಾಯಿತು. ಇಂಥವೇ ಖಾಯಂ ಗಿರಾಕಿ. ಒಡಿಶಾದವರು 2017ರಲ್ಲಿ ಮಿಲೆಟ್ ಮಿಷನ್ ಶುರು ಮಾಡಿ, ಬೆಳೆಸುವುದು, ಕೊಳ್ಳುವುದು, ಅಂಗನವಾಡಿ ಮಕ್ಕಳಿಗೆ ಲಡ್ಡು ಕೊಡುವುದು ಎಲ್ಲವನ್ನೂ ಒಂದಕ್ಕೊಂದು ಹೊಂದಿಸುತ್ತಾ ಬಂದರು. ರಾಗಿ ಮುದ್ದೆಯ ನಾಡು ನಾವು, ಕಲಿಯಬೇಕಾಗಿರುವುದು ಅಲ್ಲಿಂದ!

ಈಗ ನಿಮ್ಮ ಹೊಲಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ರಾಗಿ ಅಂತ ಒಂದೇ ಹೆಸರಿದೆ. ನಿಮ್ಮ ತಾತನ ಕಾಲದ ಹೊಲದಲ್ಲಿ ಬರೀ ರಾಗಿ ಇದ್ದಿರಲಾರದು. ಕೂರಿಗೆಯಲ್ಲಿ ರಾಗಿ ಬಿತ್ತುವಾಗ ಜೊತೆಗೆ ಸಡ್ಡೆ (ಹಿಂದೆ ಕಟ್ಟುವ ಬೀಜದ ಕೊಳವೆ) ಕಟ್ಟಿ ಅಕ್ಕಡಿ ಸಾಲು, ಅಂದರೆ ರಾಗಿಯ ನಡುವೆ ಬೇರೆ ಬೆಳೆಯ ಸಾಲು, ಬಿಡುತ್ತಿದ್ದರು. ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ನಾಲ್ಕು ಜೋಳ, ಬದುವಿನ ಮೇಲೆ ಹರಳು. ಕಾರ್ತೀಕದ ಹೊತ್ತಿಗೆ ರಾಗಿ ಕೊಯ್ದು ಮೆದೆ ಹಾಕಿದ ಮೇಲೂ ಹೊಲ ಖಾಲಿಯಾಗುತ್ತಿರಲಿಲ್ಲ. ಕೂಳೆಯ ನಡುವೆ ಅವರೆ ಬಳ್ಳಿ ಮಂಜು ಕುಡಿದು ಹೂ ಬಿಡುತ್ತಿತ್ತು. ಸಂಕ್ರಾಂತಿಗೆ ಮೊದಲು ಕಾಯಿ, ಆಮೇಲೆ ಒಣ ಕಾಳು. ಸೊಗಡಿನ ಅವರೆಕಾಯಿಗೆ ಬೆಂಗಳೂರಲ್ಲಿ ಆ ತಿಂಗಳು ಎಂಥ ಗಿರಾಕಿ ಅಂತ ನಿಮಗೇ ಗೊತ್ತು. ರಾಗಿ ಸೋತ ವರ್ಷ ಹಿಂಗಾರು ಹನಿ ಬಿದ್ದರೆ ತೊಗರಿಯಾದರೂ ಕೈ ಹಿಡಿಯುತ್ತಿತ್ತು. ಇದು ಸುಮ್ನೆ ಹಳೇ ಕಾಲದ ಹಂಬಲ ಅಲ್ಲ. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ, ಇಲ್ಲವೇ ಒಂದು ಸಾಲು ಅವರೆ ಅಂತ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೇ ಶಿಫಾರಸು ಮಾಡುತ್ತದೆ.

ಮತ್ತೆ ಅದು ಯಾಕೆ ಹೋಯಿತು? ಕಟಾವು ಯಂತ್ರ ಬಂತು ನೋಡಿ, ಅದಕ್ಕೆ ಒಂದೇ ಎತ್ತರದ, ಒಂದೇ ಸಲ ಮಾಗುವ ಬೆಳೆ ಬೇಕು. ನಡುವೆ ಹಸಿ ಅವರೆ ಬಳ್ಳಿ ಸಿಕ್ಕರೆ ಅದಕ್ಕಾಗಲ್ಲ. ಕಳೆ ಕೀಳಲು ಆಳಿಲ್ಲ ಅಂತ ಕಳೆನಾಶಕ ಹೊಡೆದರು. ಅಗಲ ಎಲೆಯ ಕಳೆ ಸಾಯಿಸುವ ಔಷಧಿಗೆ ಅವರೆ, ತೊಗರಿಯೂ ಕಳೆಯೇ. ಯಂತ್ರ ಕೊಯ್ದ ಹುಲ್ಲು ಪುಡಿಯಾಗಿ ಒಂದಷ್ಟು ಹೊಲದಲ್ಲೇ ಉಳಿಯಿತು. ಹುಲ್ಲು ಕಡಿಮೆಯಾದಾಗ ಹಸು ಕಡಿಮೆ, ಹಸು ಹೋದಾಗ ಗೊಬ್ಬರ ಹೋಯಿತು. ಹಾಗಂತ ಯಂತ್ರವನ್ನು ಬೈದು ಪ್ರಯೋಜನವಿಲ್ಲ. ಕುಡುಗೋಲು ಹಿಡಿಯುವವರು ಊರಲ್ಲಿ ಎಲ್ಲಿದ್ದಾರೆ?

ಆದ್ದರಿಂದ ಯಂತ್ರಕ್ಕೆ ತಕ್ಕಂತೆ ಸಾಲು ಹೊಂದಿಸಿಕೊಳ್ಳಿ. ಯಂತ್ರದ ಅಗಲ ನೋಡಿಕೊಂಡು ರಾಗಿಗೆ ಪಟ್ಟಿ, ನಡುವೆ ತೊಗರಿ-ಅವರೆಗೆ ಬೇರೆ ಪಟ್ಟಿ. ಅರ್ಧ ಎಕರೆಯಲ್ಲಿ ಮೊದಲು ಮಾಡಿ ನೋಡಿ. ಎರಡು ಕರಾವು (ಹಾಲು ಕೊಡುವ ಹಸು) ಇದ್ದರೆ ರಾಗಿ ಹುಲ್ಲಿಗೂ ಬೆಲೆ ಬರುತ್ತದೆ. ಡೇರಿಗೆ ಹಾಕಿದ ಹಾಲಿನ ಬಟವಾಡೆ ವರ್ಷವಿಡೀ ಬರುತ್ತದೆ, ಮೇಲೆ ಸರ್ಕಾರದ ಪ್ರೋತ್ಸಾಹಧನ ಲೀಟರಿಗೆ 5 ರೂಪಾಯಿ. ಬಯಲುಸೀಮೆಯ ಎಷ್ಟೋ ಮನೆಗಳನ್ನು ನಡೆಸಿದ್ದು ರಾಗಿ, ಹುಲ್ಲು, ಹಸು, ಅವರೆ ಎಲ್ಲ ಸೇರಿ. ನಾನು ಮೇಲೆ ಹಾಕಿದ 3,258ರ ಲೆಕ್ಕದಲ್ಲಿ ಹಾಲಾಗಲಿ ಅವರೆಯಾಗಲಿ ಇಲ್ಲ.

ಹೆಣ್ಣಿನ ಮಾತಿಗೆ ಬರುತ್ತೇನೆ. ನೀವು ಒಂದೇ ಸಾಲಲ್ಲಿ ಬರೆದಿದ್ದೀರಿ, ಆದರೆ ಊರಿನ ಮುಂದಿನ ಕಥೆ ಇರುವುದೇ ಅದರಲ್ಲಿ. 2023ರ ಫೆಬ್ರವರಿಯಲ್ಲಿ ಮದುವೆಯಾಗದ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಜನ ನಕ್ಕರು. ಆ ಹುಡುಗರು ಹೊರಟಿದ್ದು ಮಂಡ್ಯ ಜಿಲ್ಲೆಯಿಂದ. ನಾಲೆ ನೀರಿನ, ಕಬ್ಬಿನ ಜಿಲ್ಲೆ ಅದು! ನೀರು ಬಂದ ತಕ್ಷಣ ಊರು ಉಳಿಯುತ್ತದೆ ಅನ್ನುವಂತಿದ್ದರೆ ಅವರು ಬೆಟ್ಟ ಹತ್ತಬೇಕಿರಲಿಲ್ಲ ಅಲ್ವಾ? ಹಳ್ಳಿಯಲ್ಲಿ ಮಗಳ ಬಾಳು ಏನಾಗುತ್ತೆ ಅಂತ ಹೆಣ್ಣು ಹೆತ್ತವರು ಕಣ್ಣಾರೆ ನೋಡಿದ್ದಾರೆ. ಬೆಳಗ್ಗೆ ಎದ್ದು ಕೊಟ್ಟಿಗೆ ಬಾಚಿ, ಹಾಲು ಕರೆದು, ಹೊಲಕ್ಕೆ ಬುತ್ತಿ ಹೊತ್ತು, ಸಂಜೆ ಮತ್ತೆ ಒಲೆ ಮುಂದೆ. ಪಹಣಿಯಲ್ಲಿ ಅವಳ ಹೆಸರಿಲ್ಲ. ನಾನು ಮೇಲೆ ಎರಡು ಕರಾವು ಕಟ್ಟಿ ಅಂತ ಸಲೀಸಾಗಿ ಬರೆದೆನಲ್ಲ, ಆ ಕೊಟ್ಟಿಗೆ ಕೆಲಸ ನೀವು ಮಾಡುತ್ತೀರೋ, ಬರುವವಳ ತಲೆಗೆ ಕಟ್ಟುತ್ತೀರೋ? ಅದನ್ನು ಈಗಲೇ ಯೋಚಿಸಿ.

ಬೋರ್ ಬಗ್ಗೆ ನನ್ನ ಮಾತು ಇಷ್ಟು. ಸಾಲ ಮಾಡಿ ಕೊರೆಸಬೇಡಿ. ಅಪ್ಪ ಹಟ ಹಿಡಿದರೆ, ಸುತ್ತಲಿನ ಬೋರ್‌ಗಳು ಎಷ್ಟು ಅಡಿಗೆ ಹೋಗಿವೆ, ಹೋದ ಏಪ್ರಿಲ್‌ನಲ್ಲಿ ಎಷ್ಟು ಬತ್ತಿದವು ಅಂತ ಇಬ್ಬರೂ ಹೋಗಿ ವಿಚಾರಿಸಿಕೊಂಡು ಬನ್ನಿ. ಅಷ್ಟೇ ದುಡ್ಡು ಖರ್ಚು ಮಾಡುವುದಿದ್ದರೆ ಕೃಷಿ ಹೊಂಡ, ಬದು, ಒಂದು ಒಳ್ಳೆ ಕರಾವಿಗೆ ಹಾಕಿ. ಕೆಲಸ ಬಿಡುವ ಮೊದಲು ಒಂದು ಮುಂಗಾರು ಹಬ್ಬ-ರಜೆಯಲ್ಲಿ ಬಂದು ಬಿತ್ತನೆಗೂ ಕಟಾವಿಗೂ ನಿಲ್ಲಿ. ಆರಿದ್ರ ಮಳೆ ತಪ್ಪಿದರೂ ಗಾಬರಿ ಬೇಡ, ಅಲ್ಪಾವಧಿ ತಳಿಯನ್ನು ಜುಲೈ ಕೊನೆಯ ಪುಷ್ಯ ಮಳೆಯಲ್ಲೂ ಬಿತ್ತಬಹುದು. ಅಪ್ಪನ ಹೆಸರಿನ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಸರಿಯಿದೆಯಾ, ಬೆಳೆ ಸಮೀಕ್ಷೆಯಲ್ಲಿ ರಾಗಿ ಅಂತಲೇ ದಾಖಲಾಗಿದೆಯಾ ಅಂತ ಮೊದಲೇ ನೋಡಿಕೊಳ್ಳಿ. ಅದು ಸರಿಯಿಲ್ಲದಿದ್ದರೆ ಖರೀದಿ ಕೇಂದ್ರದ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ, ಆಮೇಲೆ ದಲ್ಲಾಳಿ ಹೇಳಿದ್ದೇ ರೇಟು.

— ಸಂಪಾದಕ