ತಲೆಗೆ ಪೆಟ್ಟಾದವರು ಎಷ್ಟು ಚೇತರಿಸಿಕೊಳ್ಳುತ್ತಾರೆ ಎಂಬುದು ಜೀನ್ ಪರೀಕ್ಷೆಯಿಂದ ತಿಳಿಯುತ್ತದೆಯೇ?

ಪತಿಗೆ ಅಪಘಾತವಾಗಿ ಐದು ತಿಂಗಳು, ಅತ್ತೆಯವರಿಗೆ ಮರೆವಿನ ಕಾಯಿಲೆ ಇತ್ತು, ಎಪಿಒಇ ಎಂಬ ಜೀನಿನ ಪರೀಕ್ಷೆ ಎಲ್ಲಿ ಮಾಡಿಸಬೇಕು ಎಂದು ಕೇಳಿದ್ದೀರಿ. ಎಲ್ಲಿಯೂ ಮಾಡಿಸಬೇಡಿ. ನಾನು ಮಾಡಿಸಿದ್ದೆ.

ಗದಗಿನಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. ಮದುವೆ ಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ. ಪ್ರೂಫ್ ನೋಡುವುದು ನನ್ನ ಕೆಲಸ, ಕಟಿಂಗ್ ಮಷಿನ್ ತಮ್ಮನದು. ತಮ್ಮ ಹುಬ್ಬಳ್ಳಿಯಲ್ಲಿ ಕಾಗದದ ಲೆಕ್ಕ ಮುಗಿಸಿ ಬೈಕಿನಲ್ಲಿ ಬರುವಾಗ ಅಣ್ಣಿಗೇರಿಯ ಹತ್ತಿರ ನಾಯಿ ಅಡ್ಡ ಬಂತು. ಹೆಲ್ಮೆಟ್ ಹ್ಯಾಂಡಲಿಗೆ ನೇತಾಡುತ್ತಿತ್ತು. ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ. ಮನೆಗೆ ಬಂದಾಗ ನಡೆಯುತ್ತಿದ್ದ, ಮಾತನಾಡುತ್ತಿದ್ದ. ಆದರೆ ಒಂದು ಬೆಳಿಗ್ಗೆ ಹಾಲು ಸೀದು ಪಾತ್ರೆ ಕರಕಲಾದರೂ ಪಕ್ಕದ ಕೋಣೆಯಲ್ಲಿ ಸುಮ್ಮನೆ ಕುಳಿತಿದ್ದ. ವಾಸನೆ ಹಿಡಿಯುವ ಶಕ್ತಿಯೇ ಹೋಗಿತ್ತು. ತಲೆಗೆ ಜೋರು ಪೆಟ್ಟಾದವರಲ್ಲಿ ಇದು ಸಾಮಾನ್ಯ ಎಂದು ವೈದ್ಯರು ಹೇಳಿದರು.

ನಮ್ಮ ಅಪ್ಪನೂ ಕೊನೆಯ ಕಾಲದಲ್ಲಿ ನಮ್ಮನ್ನು ಗುರುತಿಸುತ್ತಿರಲಿಲ್ಲ. ಹಾಗಾಗಿ ರಾತ್ರಿಯೆಲ್ಲ ಮೊಬೈಲ್ ಹಿಡಿದು ಓದಿದೆ. ಎಪಿಒಇ ಜೀನಿನ ಇ4 ರೂಪ ಇದ್ದವರಿಗೆ ಮರೆವಿನ ಕಾಯಿಲೆಯ ಅಪಾಯ ಹೆಚ್ಚು, ತಲೆಯ ಪೆಟ್ಟಿನಿಂದ ಚೇತರಿಸಿಕೊಳ್ಳುವುದೂ ಕಷ್ಟ ಎಂದು ಸಿಕ್ಕಿತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ತಲೆಗೆ ಪೆಟ್ಟಾದ 93 ರೋಗಿಗಳನ್ನು ಆರು ತಿಂಗಳ ನಂತರ ನೋಡಿ 1997ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಇ4 ಇದ್ದವರಲ್ಲಿ ಶೇ. 57ರಷ್ಟು ಜನರ ಸ್ಥಿತಿ ಕೆಟ್ಟದಾಗಿತ್ತು, ಇಲ್ಲದವರಲ್ಲಿ ಶೇ. 27. ತಮ್ಮನ ಎಂಜಲಿನ ಮಾದರಿ ಕಳುಹಿಸಿದೆ. ವರದಿ ಬಂತು: ಒಂದು ಇ3 (ಅದು ಸಾಮಾನ್ಯ ರೂಪ), ಒಂದು ಇ4.

ಹಣ ಹೋದದ್ದಕ್ಕೆ ನನಗೆ ಬೇಸರವಿಲ್ಲ. ಆ ವರದಿ ಬಂದ ದಿನದಿಂದ ತಮ್ಮ ಮಾಡಿದ್ದನ್ನೆಲ್ಲ ನಾನು ಒಂದೇ ಖಾತೆಗೆ ಬರೆಯತೊಡಗಿದೆ, ಕೆಟ್ಟದ್ದು ಅದು. ಕೀಲಿ ಎಲ್ಲಿಟ್ಟೆ ಎಂದು ಮರೆತರೆ ಇ4. ಅವ್ವನ ಮೇಲೆ ರೇಗಿದರೆ ಇ4. ಹುಬ್ಬಳ್ಳಿಗೆ ವಾರಕ್ಕೆ ಎರಡು ಸಲ ಥೆರಪಿಗೆ ಕರೆದೊಯ್ಯುತ್ತಿದ್ದೆವು, ರಕ್ತದಲ್ಲೇ ಇರುವುದಕ್ಕೆ ಬಸ್ ಚಾರ್ಜು ಏಕೆ ಎಂದು ಅದನ್ನೂ ನಿಲ್ಲಿಸಿದೆ. ಆಗ ಅವನಿಗೆ ಹೊಸದೊಂದು ಶುರುವಾಗಿತ್ತು. ಊಟ ಮಾಡುತ್ತಿದ್ದವನು ತುತ್ತನ್ನು ಕೈಯಲ್ಲೇ ಹಿಡಿದು ಗೋಡೆ ನೋಡುತ್ತಾ ಕುಳಿತುಬಿಡುತ್ತಿದ್ದ. ತುಟಿ ಚಪ್ಪರಿಸುವುದು, ಎಡಗೈಯಲ್ಲಿ ಅಂಗಿಯ ಗುಂಡಿ ತಿರುವುವುದು. ಕರೆದರೆ ಉತ್ತರವಿಲ್ಲ. ಒಂದು ನಿಮಿಷದ ನಂತರ "ಏನಣ್ಣ?" ಎನ್ನುತ್ತಿದ್ದ, ಆಮೇಲೆ ಮಂಕಾಗಿ ಮಲಗುತ್ತಿದ್ದ. ಅಪ್ಪನ ಮರೆವು ಇವನಿಗೆ ಮೂವತ್ತೊಂದಕ್ಕೇ ಬಂತು ಎಂದು ಅವ್ವನ ಮುಂದೆಯೇ ಹೇಳಿದೆ. ಅವ್ವ ಅಂದು ಊಟ ಮಾಡಲಿಲ್ಲ.

ಅದು ಮೂರ್ಛೆರೋಗವಾಗಿತ್ತು. ನೆಲಕ್ಕೆ ಬಿದ್ದು ನೊರೆ ಬರುವುದಷ್ಟೇ ಫಿಟ್ಸ್ ಎಂದು ನಾನು ತಿಳಿದಿದ್ದೆ. ಆಸ್ಪತ್ರೆಯಲ್ಲಿ ಏಳು ದಿನ ಫಿಟ್ಸ್ ಮಾತ್ರೆ ಕೊಟ್ಟು ನಿಲ್ಲಿಸಿದ್ದರಿಂದ ಆ ಭಯ ಮುಗಿಯಿತು ಎಂದೂ ಅಂದುಕೊಂಡಿದ್ದೆ. ಆ ಏಳು ದಿನದ ಮಾತ್ರೆ ಮೊದಲ ವಾರದ ಫಿಟ್ಸನ್ನು ತಡೆಯಲಿಕ್ಕೆ ಮಾತ್ರ. ಪೆಟ್ಟಾದ ಮಿದುಳಿನಲ್ಲಿ ತಿಂಗಳುಗಳ ನಂತರ, ವರ್ಷಗಳ ನಂತರವೂ ಅದು ಹುಟ್ಟಬಹುದು. ನಾಲ್ಕು ತಿಂಗಳು ನಾನು ಅದನ್ನು ಜೀನ್ ಎಂದುಕೊಂಡು ನೋಡುತ್ತಾ ಕುಳಿತೆ. ಆ ಅವಧಿಯಲ್ಲಿ ಎರಡು ಸಲ ಅವನು ಕಟಿಂಗ್ ಮಷಿನ್ ಮುಂದೆಯೂ ನಿಂತಿದ್ದ. ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಬದುಕಿಸಿದ್ದು ಅಕ್ಕನ ಮಗಳು. ಸುಮ್ಮನೆ ಮೊಬೈಲಿನಲ್ಲಿ ಅವನ ವಿಡಿಯೊ ಮಾಡಿದ್ದಳು. ನರರೋಗ ತಜ್ಞರು ನಲವತ್ತು ಸೆಕೆಂಡ್ ನೋಡಿ, ಇದು ಫಿಟ್ಸ್ ಎಂದು ಫೋನ್ ವಾಪಸ್ ಕೊಟ್ಟರು. ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಪರೀಕ್ಷೆ ಆಮೇಲೆ ಮಾಡಿಸಿದ್ದು. ಮೊದಲ ಮಾತ್ರೆ ಲೆವೆಟಿರಾಸೆಟಮ್, ಅದರಿಂದ ಸಿಟ್ಟು ಇನ್ನೂ ಹೆಚ್ಚಿತು, ಬದಲಿಸಿದರು. ಮೂರು ವಾರದಲ್ಲಿ ಗೋಡೆ ನೋಡುವುದು ನಿಂತಿತು. "ಮರೆವು" ಎಂದು ನಾನು ಬರೆದಿಟ್ಟಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಅದರೊಂದಿಗೇ ಹೋಯಿತು.

ಇನ್ನು ಆ ಇ4. ಪ್ರೂಫ್ ಓದುವವನು ನಾನು, ನಾಮಕರಣದ ಪತ್ರಿಕೆಯನ್ನೂ ಮೂರು ಸಲ ಓದುತ್ತೇನೆ. ತಮ್ಮನ ಭವಿಷ್ಯವನ್ನು ಒಂದು ಸಲ ಓದಿ ಬಿಟ್ಟೆ. ಅದೇ ಗ್ಲಾಸ್ಗೋ ತಂಡ 2005ರಲ್ಲಿ ಸುಮಾರು ಸಾವಿರ ರೋಗಿಗಳನ್ನು ನೋಡಿದಾಗ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ, ಚಿಕ್ಕ ವಯಸ್ಸಿನವರಲ್ಲಿ ಮಾತ್ರ ಒಂದಿಷ್ಟು ಸುಳಿವು ಸಿಕ್ಕಿತು. ವಂಶವಾಹಿಗಳ ಪಾತ್ರವೇ ಇಲ್ಲ ಎನ್ನುತ್ತಿಲ್ಲ. ಎಪಿಒಇ ಮಿದುಳಿನಲ್ಲಿ ಕೊಬ್ಬು ಸಾಗಿಸುವ ಪ್ರೋಟೀನು, ನರಕೋಶದ ದುರಸ್ತಿಗೆ ಅದು ಬೇಕು. ಬಿಡಿಎನ್‌ಎಫ್ ಎಂಬ ಇನ್ನೊಂದು ಜೀನಿನ ಬಗ್ಗೆಯೂ ಕೆಲಸ ನಡೆದಿದೆ. ಎಷ್ಟೋ ಜೀನ್‌ಗಳು ಸೇರಿ ಚೂರುಪಾರು ಎಳೆದಾಡುತ್ತವೆ, ಅದರಲ್ಲಿ ಒಂದನ್ನು ಹಿಡಿದು ಒಬ್ಬ ಮನುಷ್ಯನ ಲೆಕ್ಕ ಹೇಳಲಾಗದು. ನಿಮಗೆ ಮುನ್ಸೂಚನೆಯೇ ಬೇಕಿದ್ದರೆ ಆಸ್ಪತ್ರೆಯ ಫೈಲಿನ ಮೊದಲ ಪುಟ ತೆಗೆಯಿರಿ. ಅಲ್ಲಿ ವಯಸ್ಸು, ಗ್ಲಾಸ್ಗೋ ಕೋಮಾ ಸ್ಕೇಲ್ ಅಂಕ (ಎಷ್ಟು ಎಚ್ಚರವಿತ್ತು ಎಂಬುದರ ಅಳತೆ), ಟಾರ್ಚ್ ಬಿಟ್ಟಾಗ ಕಣ್ಣಿನ ಪಾಪೆ ಕುಗ್ಗಿತೇ ಎಂಬುದು ಇರುತ್ತದೆ. ವೈದ್ಯರು ಲೆಕ್ಕ ಹಾಕುವುದು ಅದರಿಂದ.

ತಮ್ಮ ಈಗ ಮದುವೆ ಪತ್ರಿಕೆ ಎಣಿಸಿ ಕಟ್ಟುತ್ತಾನೆ. ಮಷಿನ್ ಮುಟ್ಟುವುದಿಲ್ಲ. ನೂರರ ಕಟ್ಟಿನಲ್ಲಿ ಒಮ್ಮೊಮ್ಮೆ ತೊಂಬತ್ತೆಂಟು ಇರುತ್ತವೆ, ನಾನು ಇನ್ನೆರಡು ಸೇರಿಸುತ್ತೇನೆ.

ಇಷ್ಟುದ್ದ ಬರೆದದ್ದು ನಿಮ್ಮ ಪ್ರಶ್ನೆಯ ಕೊನೆಯ ಸಾಲಿಗಾಗಿ. "ಕೆಲವು ಸಲ ಕರೆದರೂ ಕೇಳಿಸುವುದಿಲ್ಲ, ದಿಂಬಿನ ಅಂಚು ಹಿಸುಕುತ್ತಾ ಇರುತ್ತಾರೆ" ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲಿ ನಿಲ್ಲಿ. ವಿಡಿಯೊ ಮಾಡಿ, ಗಡಿಯಾರ ನೋಡಿ, ಇದೇ ವಾರ ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಬೈಕ್ ಬೇಡ, ಒಲೆ ಬೇಡ, ಬಚ್ಚಲಿನ ಬಾಗಿಲಿಗೆ ಚಿಲಕ ಬೇಡ. ಹಾಗೆ ಇರುವುದು ಐದು ನಿಮಿಷ ದಾಟಿದರೆ ಕಾಯದೆ 108ಕ್ಕೆ ಕರೆ ಮಾಡಿ.