ಆಸಿಡ್ ಇಲ್ಲದ ಕಾಲದಲ್ಲಿ ಚಿನ್ನದಿಂದ ಬೆಳ್ಳಿಯನ್ನು ಹೇಗೆ ಬೇರ್ಪಡಿಸುತ್ತಿದ್ದರು?

ಅಡುಗೆ ಉಪ್ಪಿನಿಂದ! ಇದಕ್ಕೆ ಗಟ್ಟಿ ಪುರಾವೆ ಸಿಕ್ಕಿರುವುದು ಇಂದಿನ ಟರ್ಕಿಯ ಸಾರ್ಡಿಸ್‌ನಲ್ಲಿ, ಕ್ರಿ.ಪೂ. 6ನೇ ಶತಮಾನದ ಲಿಡಿಯನ್ನರ (ಅಲ್ಲಿನ ಪ್ರಾಚೀನ ಲಿಡಿಯಾ ರಾಜ್ಯದ ಜನರ) ಕಾರ್ಯಾಗಾರದಲ್ಲಿ.

ಬೆಳ್ಳಿ ಬೆರೆತ ಚಿನ್ನವನ್ನು ತೆಳು ತಗಡಾಗಿ ಬಡಿದು, ಮಣ್ಣಿನ ಮಡಕೆಯಲ್ಲಿ ಉಪ್ಪಿನೊಂದಿಗೆ ಪದರ ಪದರವಾಗಿ ಜೋಡಿಸಿ, ಸುಮಾರು 600–800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಗಂಟೆಗಟ್ಟಲೆ ಇಡುತ್ತಿದ್ದರು. ಉಪ್ಪಿನಿಂದ ಏಳುವ ಆವಿ ಬೆಳ್ಳಿಯನ್ನು ಸಿಲ್ವರ್ ಕ್ಲೋರೈಡ್ ಆಗಿಸುತ್ತದೆ. ಅದನ್ನು ಮಡಕೆಯೂ ಕುಲುಮೆಯ ಇಟ್ಟಿಗೆಯೂ ಹೀರಿಕೊಳ್ಳುತ್ತವೆ. ಚಿನ್ನ ಜಗ್ಗುವುದಿಲ್ಲ.

ಕಷ್ಟವಿರುವುದು ಉರಿ ಹಿಡಿತದಲ್ಲಿಡುವುದರಲ್ಲಿ. ಕಾವು ಸಾಲದಿದ್ದರೆ ಬೆಳ್ಳಿ ಉಳಿದುಬಿಡುತ್ತದೆ, ಹೆಚ್ಚಾದರೆ ತಗಡೇ ಕರಗಿ ಮುದ್ದೆಯಾಗಿ ಆವಿ ಒಳಗೆ ಇಳಿಯದು. ದಪ್ಪ ತಗಡಿನ ಪಾಡೂ ಅಷ್ಟೇ. ಹೀರಿದ ಬೆಳ್ಳಿಯನ್ನೂ ಬಿಡುತ್ತಿರಲಿಲ್ಲ: ಇಟ್ಟಿಗೆ ಚೂರುಗಳನ್ನು ಸೀಸದೊಂದಿಗೆ ಕರಗಿಸಿ ಮರಳಿ ಪಡೆಯುತ್ತಿದ್ದರು.