ಘಾನಾಗೆ ಇದ್ದಿದ್ದು ಇಬ್ಬರೇ ಪ್ರಧಾನಿಗಳು

ಘಾನಾದ ಪ್ರಧಾನಿಗಳ ಪಟ್ಟಿ 1972ಕ್ಕೇ ಯಾಕೆ ನಿಂತಿದೆ ಅಂತ ಕೇಳಿದ್ದೀರಿ. ಪಟ್ಟಿ ಸರಿಯಾಗೇ ಇದೆ, ಇದ್ದಿದ್ದೇ ಇಬ್ಬರು. 1957ರಲ್ಲಿ ಸ್ವಾತಂತ್ರ್ಯ ಬಂದಾಗ ಕ್ವಾಮೆ ಎನ್‌ಕ್ರುಮಾ ಪ್ರಧಾನಿ. ಆಗ ರಾಷ್ಟ್ರದ ಮುಖ್ಯಸ್ಥೆ ಇನ್ನೂ ಬ್ರಿಟನ್ ರಾಣಿ! 1960ರಲ್ಲಿ ದೇಶ ಗಣರಾಜ್ಯವಾಯಿತು, ಎನ್‌ಕ್ರುಮಾ ಅವರೇ ಅಧ್ಯಕ್ಷರಾದರು, ಪ್ರಧಾನಿ ಹುದ್ದೆ ಹೋಯಿತು. 1969ರಲ್ಲಿ ಅದು ಮರಳಿ ಬಂದಾಗ ಕೋಫಿ ಬುಸಿಯಾ ಕೂತರು. ಎರಡೂವರೆ ವರ್ಷವೂ ತುಂಬಲಿಲ್ಲ. 1971ರ ಡಿಸೆಂಬರ್‌ನಲ್ಲಿ ಘಾನಾದ ನಾಣ್ಯವಾದ ಸೆಡಿಯ ಬೆಲೆ ಇಳಿಸಿದರು, ಮುಂದಿನ ತಿಂಗಳೇ ಸೇನೆ ಕಿತ್ತುಹಾಕಿತು.

ತಮಾಷೆ ನೋಡಿ, ಎನ್‌ಕ್ರುಮಾ 1966ರಲ್ಲಿ ಪದಚ್ಯುತರಾದಾಗ ಏಷ್ಯಾ ಪ್ರವಾಸದಲ್ಲಿದ್ದರು. ಬುಸಿಯಾ ಚಿಕಿತ್ಸೆಗೆಂದು ಲಂಡನ್‌ನಲ್ಲಿದ್ದರು. ಊರು ಬಿಟ್ಟಿದ್ದೇ ತಪ್ಪಾಯ್ತು ಅಲ್ವಾ!

ಆಮೇಲೆ ಜಾಸ್ತಿ ಕಾಲ ಸೇನಾಡಳಿತ. 1992ರ ಸಂವಿಧಾನದಲ್ಲಿ ಪ್ರಧಾನಿ ಹುದ್ದೆಯೇ ಇಲ್ಲ, ಅಧ್ಯಕ್ಷರೇ ಸರ್ಕಾರದ ಮುಖ್ಯಸ್ಥರು. ಹಾಗಾಗಿ ರಾಲಿಂಗ್ಸ್, ಕುಫೋರ್ ಮುಂತಾದವರನ್ನು ಅಧ್ಯಕ್ಷರ ಪಟ್ಟಿಯಲ್ಲಿ ಹುಡುಕಿ.